‘ಅಡ್ಡಿಲ್ಲೆ’ ಅಂದರೆ ರನ್‌ವೇ ಖಾಲಿ ಅಂತಲ್ಲ

ಪ್ರಶ್ನೆ: ನಾನು ಶಿರಸಿ ಹತ್ತಿರದ ಅಡಿಕೆ ಬೆಳೆಗಾರ. ಮಗಳು ಬೇರೆ ರಾಜ್ಯದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಳೆ. ಹತ್ತನೇ ಕ್ಲಾಸಿನ ತನಕ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಕಳೆದ ತಿಂಗಳು ಒಬ್ಬಳೇ ಹಾರಲು ಹೊರಟು, ರನ್‌ವೇ ಪಕ್ಕ ಕಾಯುತ್ತಿದ್ದಳಂತೆ. ವಿಮಾನಗಳಿಗೆ ಅನುಮತಿ ಕೊಡುವ ಟವರ್‌ನವರು ‘ಬಿಹೈಂಡ್ ಲ್ಯಾಂಡಿಂಗ್ ಸೆಸ್ನಾ, ಲೈನ್ ಅಪ್ ಬಿಹೈಂಡ್’ ಅಂದರು. ಅವಳು ಅದನ್ನೇ ತಿರುಗಿ ಹೇಳಿದಳು. ಆಗಷ್ಟೇ ಇಳಿದು ಓಡುತ್ತಿದ್ದ ಸೆಸ್ನಾ, ಅಂದರೆ ಒಂದು ಸಣ್ಣ ವಿಮಾನ, ಅವಳ ಮುಂದೆ ದಾಟಿತು. ಇವಳು ರನ್‌ವೇಗೆ ಹೋದಳು. ಆದರೆ ಹಿಂದೆ ಇನ್ನೊಂದು ಸೆಸ್ನಾ ಇಳಿಯಲು ಬರುತ್ತಿತ್ತು. ಟವರ್‌ನವರು ಹೇಳಿದ್ದು ಅದನ್ನಂತೆ. ಅದು ಇಳಿಯದೆ ಮತ್ತೆ ಮೇಲೇರಿತು. ಯಾರಿಗೂ ಏನೂ ಆಗಲಿಲ್ಲ. ಎರಡು ವಾರ ಒಂಟಿ ಹಾರಾಟ ನಿಲ್ಲಿಸಿದ್ದಾರೆ. ‘ನನಗೆ ಇಂಗ್ಲಿಷ್ ಬರೋದಿಲ್ಲ, ಈ ಕೆಲಸ ನನ್ನಂಥವರಿಗಲ್ಲ’ ಅಂತ ಫೋನಿನಲ್ಲಿ ಅಳುತ್ತಾಳೆ. ಇದು ನಿಜವಾಗಿ ಇಂಗ್ಲಿಷಿನ ತೊಂದರೆಯಾ? ಇನ್ನೊಂದು ಮಾತು. ನಾಳೆ ನಮ್ಮ ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ, ಜನರ ವಿಮಾನ ಎರಡೂ ಒಂದೇ ರನ್‌ವೇ ಹಂಚಿಕೊಂಡರೆ ಇಂಥ ಗೊಂದಲ ಜಾಸ್ತಿ ಆಗುತ್ತಾ?

ಉತ್ತರ: ಮೊದಲು ನಿಮ್ಮ ಕೂಸಿಗೆ ಒಂದು ಮಾತು ಹೇಳಿಬಿಡಿ. ಇದು ಇಂಗ್ಲಿಷಿನ ತೊಂದರೆ ಅಲ್ಲವೇ ಅಲ್ಲ. ನೀವು ಬರೆದ ಪ್ರಕಾರ ಅವಳು ಒಂದೊಂದು ಶಬ್ದವನ್ನೂ ಸರಿಯಾಗಿ ಕೇಳಿಸಿಕೊಂಡಿದ್ದಾಳೆ. ಸರಿಯಾಗಿ ತಿರುಗಿ ಹೇಳಿದ್ದಾಳೆ. ಹೇಳಿದ ಹಾಗೆಯೇ ಮಾಡಿದ್ದಾಳೆ ಕೂಡ. ಒಂದು ಸೆಸ್ನಾ ಇಳಿಯಿತು, ಅದರ ಹಿಂದೆ ಇವಳು ಹೋದಳು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಆ ಸೀಟಿನಲ್ಲಿದ್ದರೂ ಹೀಗೆಯೇ ಆಗಬಹುದಿತ್ತು.

ಆಗಿದ್ದೇನೆಂದರೆ, ಸೆಸ್ನಾ ಎರಡಿತ್ತು. ಹೆಸರು ಒಂದೇ ಇತ್ತು. ಟವರ್‌ನಲ್ಲಿ ಕೂತವರ ಲೆಕ್ಕದಲ್ಲಿ ಮೊದಲನೆಯದು ಆಗಲೇ ಇಳಿದು ಮುಗಿದ ಕತೆ. ಅವರ ಕಣ್ಣು ಬಾನಂಚಿನಲ್ಲಿ ಬರುತ್ತಿದ್ದ ಎರಡನೆಯದರ ಮೇಲಿತ್ತು. ನಿಮ್ಮ ಮಗಳ ಕಣ್ಣೆದುರು ಓಡುತ್ತಿದ್ದುದು ಮೊದಲನೆಯದು. ಮಾತು ಒಂದೇ, ಚಿತ್ರ ಎರಡು.

ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಬೇರೆ ಬೇರೆ ಟವರ್‌ಗಳಲ್ಲಿ ಕೂತು ಈಗ ಕಾರವಾರದ ಕೋಡಿಬಾಗದಲ್ಲಿ ಆರಾಮಾಗಿ ಇರುವವ. ನನ್ನ ಜಾತಿಯವರ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಇಂಥ ವಿಮಾನ ಹೋದ ಮೇಲೆ ನೀನು ಹೋಗು’ ಅನ್ನುವ ಅನುಮತಿಗೆ ಷರತ್ತಿನ ಅನುಮತಿ ಅನ್ನುತ್ತಾರೆ. ಇದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ರನ್‌ವೇಗೆ ಸಂಬಂಧಿಸಿ ಹೀಗೆ ಹೇಳಬೇಕಾದರೆ ಆ ಇನ್ನೊಂದು ವಿಮಾನ ಟವರ್‌ಗೂ ಕಾಣಬೇಕು, ಕಾಯುತ್ತಿರುವ ಪೈಲಟ್‌ಗೂ ಕಾಣಬೇಕು. ಜೊತೆಗೆ, ಅನುಮತಿ ಕೊಟ್ಟ ಮೇಲೆ ಪೈಲಟ್ ಮುಂದೆ ಮೊಟ್ಟಮೊದಲು ಹಾದುಹೋಗುವ ವಿಮಾನ ಅದೇ ಆಗಿರಬೇಕು. ನಡುವೆ ಇನ್ನೊಂದು ತೂರಿಕೊಳ್ಳಬಾರದು. ನಿಮ್ಮ ಮಗಳ ಮುಂದೆ ಮೊದಲು ಹಾದುಹೋಗಿದ್ದು ಯಾವುದು? ಟವರ್ ಹೇಳಿದ್ದಂತೂ ಅಲ್ಲ. ಹಾಗಾಗಿ ಅರ್ಧ ಪಾಲು ಅಲ್ಲಿಗೂ ಹೋಗಬೇಕು. ‘ಫೈನಲ್‌ನಲ್ಲಿರುವ ಸೆಸ್ನಾ ಕಾಣುತ್ತಿದೆಯಾ?’ ಅಂತ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಇಳಿಯುವ ಮುಂಚಿನ ನೇರ ಓಟಕ್ಕೆ ಫೈನಲ್ ಅನ್ನುತ್ತಾರೆ.

ಉಳಿದ ಅರ್ಧ ಪಾಲು ಅವಳದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ವಿಮಾನದ ಕೆಲಸದವರಲ್ಲ, ಹಾಗಾಗಿ ನೆಲದ ಮೇಲಿನ ಮಾತುಕತೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಿಂತ ಜಾಗದಿಂದ ರನ್‌ವೇ ತನಕ ವಿಮಾನ ತನ್ನ ಚಕ್ರದ ಮೇಲೆ ಉರುಳಿಕೊಂಡು ಹೋಗುವುದಕ್ಕೆ ಟ್ಯಾಕ್ಸಿ ಅನ್ನುತ್ತಾರೆ. ದಾರಿಗಳಿಗೆ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಹೆಸರು. ಆ ದಾರಿ ರನ್‌ವೇಗೆ ಸೇರುವ ಮುಂಚೆ ನೆಲದಲ್ಲಿ ಅಡ್ಡಕ್ಕೆ ನಾಲ್ಕು ಹಳದಿ ಗೆರೆ ಎಳೆದಿರುತ್ತಾರೆ. ಕಾಯುವವನ ಕಡೆಗೆ ಎರಡು ಅಖಂಡ ಗೆರೆ, ರನ್‌ವೇ ಕಡೆಗೆ ಎರಡು ತುಂಡು ತುಂಡು ಗೆರೆ. ಅಖಂಡ ಗೆರೆಯ ಕಡೆಯಿಂದ ಬಂದವ ಅನುಮತಿ ಇಲ್ಲದೆ ದಾಟುವ ಹಾಗಿಲ್ಲ. ತುಂಡು ಗೆರೆಯ ಕಡೆಯಿಂದ ಬಂದವ, ಅಂದರೆ ಇಳಿದು ಹೊರಬರುವವ, ನಿಲ್ಲದೆ ದಾಟಬೇಕು. ಪಕ್ಕದಲ್ಲಿ ಕೆಂಪು ಬೋರ್ಡಿನ ಮೇಲೆ ಬಿಳಿ ಅಂಕಿಯಲ್ಲಿ ರನ್‌ವೇ ನಂಬರು. ಇಡೀ ವಿಮಾನ ನಿಲ್ದಾಣದಲ್ಲಿ ಇಷ್ಟು ಬೆಲೆಬಾಳುವ ಪೇಂಟು ಇನ್ನೆಲ್ಲೂ ಇಲ್ಲ.

ಆ ಗೆರೆಯ ಸುತ್ತ ಟವರ್ ಹೇಳುವುದು ಮುಖ್ಯವಾಗಿ ಮೂರೇ ಮಾತು. ‘ಹೋಲ್ಡ್ ಶಾರ್ಟ್’ ಅಂದರೆ ಗೆರೆಯ ಈಚೆಗೇ ನಿಲ್ಲು. ‘ಲೈನ್ ಅಪ್’ ಅಂದರೆ ಗೆರೆ ದಾಟಿ ರನ್‌ವೇ ಮೇಲೆ ನೇರ ನಿಲ್ಲು, ಆದರೆ ಹೊರಡಬೇಡ. ‘ಕ್ಲಿಯರ್ಡ್ ಫಾರ್ ಟೇಕ್-ಆಫ್’ ಅಂದರೆ ಹೊರಡು. ನಮ್ಮ ಬಸ್ಸಿನ ಕಂಡಕ್ಟರ್ ‘ಹೋಲ್ಡಾನ್’, ‘ರೈಟ್’ ಎರಡರಲ್ಲೇ ಜೀವಮಾನ ಕಳೆಯುತ್ತಾನಲ್ಲ, ಹಾಗೆ. ವ್ಯತ್ಯಾಸ ಏನೆಂದರೆ, ಕಂಡಕ್ಟರ್ ‘ರೈಟ್’ ಅಂದಮೇಲೆ ಡ್ರೈವರ್ ತಿರುಗಿ ‘ರೈಟ್’ ಅನ್ನುವುದಿಲ್ಲ. ಇಲ್ಲಿ ಅನ್ನಲೇಬೇಕು. ರನ್‌ವೇಗೆ ಹೋಗುವ, ದಾಟುವ, ಇಳಿಯುವ, ಏರುವ, ಈಚೆ ನಿಲ್ಲುವ ಯಾವ ಮಾತನ್ನೇ ಆಗಲಿ ಪೈಲಟ್ ತಿರುಗಿ ಹೇಳಬೇಕು. ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದುವುದು ಟವರ್‌ನವರ ಕೆಲಸ. ಕುಮಟೆಯ ಯಾವುದಾದರೂ ಹೋಟೆಲಿನಲ್ಲಿ ಮಾಣಿ ‘ಎರಡು ಬನ್ಸು, ಒಂದು ಮಸಾಲೆ, ಮೂರು ಚಾ’ ಅಂತ ತಿರುಗಿ ಒಪ್ಪಿಸುತ್ತಾನಲ್ಲ, ಅಷ್ಟೇ. ನಾವು ಆಗ ಮೊಬೈಲ್ ನೋಡುತ್ತ ‘ಹೂಂ’ ಅಂದುಬಿಡುತ್ತೇವೆ. ಆಮೇಲೆ ನಾಲ್ಕು ಚಾ ಬಂದರೆ ಅವನ ಮೇಲೆ ರೇಗುತ್ತೇವೆ.

ಈಗ ‘ಅಡ್ಡಿಲ್ಲೆ’ ವಿಷಯ. ನಿಮ್ಮ ಕಡೆಯ ಈ ಮಾತು ನನಗೆ ತುಂಬ ಇಷ್ಟ, ತುಂಬ ಹೆದರಿಕೆ ಕೂಡ. ‘ಚಾ ಕುಡಿತ್ರಾ?’ ಅಂದರೆ ‘ಅಡ್ಡಿಲ್ಲೆ’. ಬೇಕು ಅಂತಲೋ, ಕೊಟ್ಟರೆ ಕುಡಿಯುತ್ತೇನೆ ಅಂತಲೋ, ನಿಮ್ಮ ಮಾತು ಕೇಳಿಸಿತು ಅಂತಲೋ? ಮನೆಯ ಜಗಲಿಯಲ್ಲಿ ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಜಗತ್ತಿನ ಅತಿ ದೊಡ್ಡ ವಿಮಾನ ಅಪಘಾತದ ನಡುವೆ ಇಂಥದ್ದೇ ಒಂದು ಶಬ್ದ ಕೂತಿದೆ. ಅದು ‘ಓಕೆ’.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ವಿಮಾನಗಳೆಲ್ಲ ಈ ಸಣ್ಣ ಜಾಗಕ್ಕೆ ಬಂದು ತುಂಬಿದ್ದವು. ಟ್ಯಾಕ್ಸಿ ದಾರಿಯಲ್ಲೂ ವಿಮಾನ ನಿಲ್ಲಿಸಿದ್ದರು. ಹಾಗಾಗಿ ಹೊರಡುವವರು ರನ್‌ವೇ ಮೇಲೆಯೇ ಉಲ್ಟಾ ಹೋಗಿ ತಿರುಗಿಕೊಳ್ಳಬೇಕು. ಜೊತೆಗೆ ಮಂಜು. ಕೆಎಲ್‌ಎಂ ಕಂಪನಿಯ 747 ಆ ಕೊನೆಗೆ ಹೋಗಿ ತಿರುಗಿ ನಿಂತಿದೆ. ಅದರ ಹಿಂದೆ ಹೊರಟ ಪ್ಯಾನ್ ಆಮ್ ಕಂಪನಿಯ ಇನ್ನೊಂದು 747 ಅದೇ ರನ್‌ವೇ ಮೇಲೆ ಈಗ ಅದರ ಎದುರಿಗೇ ಉರುಳಿ ಬರುತ್ತಿದೆ. ಮೂರನೇ ತಿರುವಿನಲ್ಲಿ ಹೊರಗೆ ಹೋಗಬೇಕಿತ್ತು. ಆ ತಿರುವು ದಾಟಿ ಮುಂದೆ ಬಂದಿದೆ. ಇದು ಅದಕ್ಕೆ ಕಾಣುವುದಿಲ್ಲ, ಅದು ಇದಕ್ಕೆ ಕಾಣುವುದಿಲ್ಲ, ಟವರ್‌ಗೆ ಎರಡೂ ಕಾಣುವುದಿಲ್ಲ.

ಟವರ್‌ನವರು ಕೆಎಲ್‌ಎಂಗೆ ಹಾರಾಟದ ದಾರಿ ಹೇಳಿದರು. ಯಾವ ಎತ್ತರಕ್ಕೆ ಏರಬೇಕು, ಟೇಕ್-ಆಫ್ ಆದಮೇಲೆ ಬಲಕ್ಕೆ ತಿರುಗಬೇಕು, ಇತ್ಯಾದಿ. ಹೊರಡು ಅನ್ನಲಿಲ್ಲ. ಆದರೆ ಮಾತಿನಲ್ಲಿ ‘ಟೇಕ್-ಆಫ್’ ಅನ್ನುವ ಶಬ್ದ ಬಂತು. ಅದನ್ನು ತಿರುಗಿ ಒಪ್ಪಿಸಿದ ಸಹ ಪೈಲಟ್ ಕೊನೆಗೆ ‘ವಿ ಆರ್ ನೌ ಅಟ್ ಟೇಕ್-ಆಫ್’ ಅಂದ. ಇದನ್ನು ಕನ್ನಡಕ್ಕೆ ತರುವುದು ಬಲು ಸುಲಭ. ‘ಹೊರಟೆವು’. ನಮ್ಮಲ್ಲಿ ಫೋನಿನಲ್ಲಿ ‘ಹೊರಟೆ, ಹೊರಟೆ’ ಅನ್ನುವವ ಇನ್ನೂ ಟವೆಲ್ಲಿನಲ್ಲೇ ಇರುತ್ತಾನೆ. ‘ಬಂದೆ’ ಅಂದವ ಬಂದಿರುವುದಿಲ್ಲ. ಟವರ್‌ನವರು ಹಾಗೆಯೇ ಅರ್ಥ ಮಾಡಿಕೊಂಡರು. ಹೊರಡಲು ತಯಾರಾಗಿ ನಿಂತಿದ್ದಾರೆ ಅಂತ. ನಿಜಕ್ಕೂ ಆ ವಿಮಾನ ಆಗಲೇ ಉರುಳಲು ಶುರುಮಾಡಿತ್ತು.

ಟವರ್ ಉತ್ತರ ಕೊಟ್ಟಿತು. ‘ಓಕೆ.’ ಒಂದು ಸಣ್ಣ ಬಿಡುವು. ಆಮೇಲೆ, ‘ಟೇಕ್-ಆಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್‌ನವರು ಗಾಬರಿಯಾಗಿ ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಅಂದರು. ವಿಮಾನದ ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಎರಡೂ ಮಾತು ಕಲಸಿ ಕಿರ್ರ್ ಅಂತ ಶಬ್ದ ಬರುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ. ಮುಖ್ಯವಾದ ಎರಡೂ ಮಾತು ಆ ಕಿರುಚಾಟದಲ್ಲಿ ಹೋದವು. 583 ಜನ ಸತ್ತರು.

ಬೈತ್‌ಕೋಲ್ ಬಂದರಿನ ಬೋಟಿನವರು ಇದನ್ನು ಓದಿದರೆ ನಗಬಹುದು. ಅವರ ವೈರ್‌ಲೆಸ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಸಾಮಾನ್ಯವಾಗಿ ಜೋರಿನವನ ಮಾತು ಗೆಲ್ಲುತ್ತದೆ, ಸಣ್ಣವನದು ಅಳಿಸಿಹೋಗುತ್ತದೆ. ಬೋಟಿನದು ಎಫ್‌ಎಂ, ವಿಮಾನದ್ದು ಹಳೇ ಎಎಂ. ಎಎಂನಲ್ಲಿ ಮಾತು ಹಾಳಾದರೂ ‘ಯಾರೋ ಇಬ್ಬರು ಒಟ್ಟಿಗೆ ಮಾತಾಡಿದರು’ ಅನ್ನುವುದಾದರೂ ಗೊತ್ತಾಗುತ್ತದೆ. ಹಾಗಾಗಿ ಕಿರ್ರ್ ಅನ್ನುವ ಶಬ್ದ ಕೇಳಿಸಿದರೆ ನಿಮ್ಮ ಮಗಳು ಅದನ್ನು ಕೆಂಪು ದೀಪ ಅಂತಲೇ ತಿಳಿಯಬೇಕು. ‘ಸೇ ಅಗೇನ್’ ಅನ್ನಬೇಕು.

ಟೆನೆರಿಫ್ ಆದಮೇಲೆ ನಮ್ಮ ವೃತ್ತಿಯ ಭಾಷೆಯೇ ಬದಲಾಯಿತು. ‘ಟೇಕ್-ಆಫ್’ ಅನ್ನುವ ಶಬ್ದವನ್ನು ಹೊರಡಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ವಾಪಸ್ ತೆಗೆದುಕೊಳ್ಳುವಾಗ ಮಾತ್ರ ಹೇಳಬೇಕು. ಬೇರೆ ಹೊತ್ತಿನಲ್ಲಿ ‘ಡಿಪಾರ್ಚರ್’ ಅನ್ನಬೇಕು. ಬರೀ ‘ಓಕೆ’ಗೆ ಬೆಲೆ ಇಲ್ಲ. ‘ರೋಜರ್’ ಅಂದರೆ ನಿನ್ನ ಮಾತು ಕೇಳಿಸಿತು ಅಂತಷ್ಟೇ. ಒಪ್ಪಿದೆ ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಅನ್ನಲು ‘ವಿಲ್ಕೋ’ ಅಂತ ಬೇರೆ ಶಬ್ದವೇ ಇದೆ. ಅಂದರೆ ಒಂದು ‘ಅಡ್ಡಿಲ್ಲೆ’ಯನ್ನು ಒಡೆದು ಮೂರು ನಾಲ್ಕು ಮಾಡಿದ್ದಾರೆ, ಒಂದೊಂದಕ್ಕೂ ಒಂದೇ ಅರ್ಥ.

ಅಷ್ಟಾದರೂ ಮನುಷ್ಯನ ಕಿವಿ ಬದಲಾಗಲಿಲ್ಲ. ನನಗೆ ಇಷ್ಟು ವರ್ಷಕ್ಕೆ ಖಾತ್ರಿಯಾದ ಸಂಗತಿ ಇದು. ಹೊರಡಲು ಕಾಯುತ್ತಿರುವವನ ಕಿವಿ ಬೇರೆ ಥರ ಕೆಲಸ ಮಾಡುತ್ತದೆ. ಎಂಜಿನ್ ಓಡುತ್ತಿದೆ, ಕೈ ಥ್ರಾಟಲ್ ಮೇಲಿದೆ, ಬಿಸಿಲಿಗೆ ಬೆನ್ನು ಒದ್ದೆಯಾಗಿದೆ. ಮಾತಿನಲ್ಲಿ ಹತ್ತು ಶಬ್ದ ಇದ್ದು ಅದರಲ್ಲೊಂದು ‘ಹೋಗು’ ಅನ್ನುವ ಥರದ್ದಾದರೆ, ಕಿವಿ ಅದನ್ನೇ ಹೆಕ್ಕಿಕೊಳ್ಳುತ್ತದೆ. ಉಳಿದ ಒಂಬತ್ತು ನೆಲಕ್ಕೆ ಬೀಳುತ್ತವೆ.

ತೀರ ಈಚಿನ ಉದಾಹರಣೆ ಟೋಕಿಯೋದ ಹಾನೆಡಾ ನಿಲ್ದಾಣ. 2024ರ ಜನವರಿ 2, ಸಂಜೆ. ಹಿಂದಿನ ದಿನ ಭೂಕಂಪ ಆಗಿತ್ತು. ಪರಿಹಾರ ಸಾಮಗ್ರಿ ಒಯ್ಯಲು ಕರಾವಳಿ ಕಾವಲು ಪಡೆಯ ಸಣ್ಣ ವಿಮಾನ ಹೊರಟಿತ್ತು. ಟವರ್ ಹೇಳಿದ್ದು ‘ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ ಟ್ಯಾಕ್ಸಿ ಮಾಡಿ’. ಅಂದರೆ ಹೊರಡುವ ಸಾಲಿನಲ್ಲಿ ನೀವೇ ಮೊದಲು, ಗೆರೆಯ ತನಕ ಬನ್ನಿ. ಅವರು ತಿರುಗಿ ಹೇಳಿದ್ದೂ ಸರಿಯಾಗಿಯೇ ಇತ್ತು. ಸಿ5 ಹೋಲ್ಡಿಂಗ್ ಪಾಯಿಂಟ್, ನಂಬರ್ ಒನ್, ಥ್ಯಾಂಕ್ಯೂ. ಆದರೆ ವಿಮಾನ ಗೆರೆ ದಾಟಿ ರನ್‌ವೇಗೆ ಹೋಯಿತು. ಅಲ್ಲಿ ಸುಮಾರು 40 ಸೆಕೆಂಡು ನಿಂತಿತ್ತು. ಜಪಾನ್ ಏರ್‌ಲೈನ್ಸ್‌ನ ಎ350 ಬಂದು ಅದರ ಮೇಲೆಯೇ ಇಳಿಯಿತು. ದೊಡ್ಡ ವಿಮಾನದ 379 ಜನರೂ ಉರಿಯುವ ವಿಮಾನದಿಂದ ಹೊರಗೆ ಬಂದರು. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು. ‘ನಂಬರ್ ಒನ್’ ಅಂದಿದ್ದನ್ನು, ಪರಿಹಾರದ ಕೆಲಸ ಅಂತ ನಮಗೆ ಮೊದಲ ಅವಕಾಶ ಕೊಟ್ಟಿದ್ದಾರೆ ಅಂತ ಅವರು ಅಂದುಕೊಂಡಿದ್ದರು ಅನ್ನುವುದು ತನಿಖೆಯಲ್ಲಿ ಬಂತು. ಜಪಾನಿನವರು ಅಪಘಾತದ ಬಳಿಕ ಆ ಎರಡು ಶಬ್ದ ಹೇಳುವುದನ್ನೇ ಕೆಲವು ಕಾಲ ನಿಲ್ಲಿಸಿಬಿಟ್ಟರು.

ನೋಡಿ, ಇಲ್ಲೂ ರೀಡ್‌ಬ್ಯಾಕ್ ಸರಿಯಾಗಿತ್ತು. ನಿಮ್ಮ ಮಗಳದ್ದೂ ಸರಿಯಾಗಿತ್ತು. ರೀಡ್‌ಬ್ಯಾಕ್‌ನಿಂದ ಶಬ್ದ ತಲುಪಿತೋ ಇಲ್ಲವೋ ಗೊತ್ತಾಗುತ್ತದೆ. ಎರಡು ತಲೆಯಲ್ಲಿರುವ ಚಿತ್ರ ಒಂದೇ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ.

ಬೇರೆಯವರ ಕತೆ ಹೇಳಿ ನನ್ನದನ್ನು ಬಚ್ಚಿಟ್ಟರೆ ಸರಿಯಾಗುವುದಿಲ್ಲ. ಕರಾವಳಿಯ ಒಂದು ನಿಲ್ದಾಣ, ಹೆಸರು ಬೇಡ. ಆಷಾಢದ ಮಳೆ ಹೊಡೆದು ಸ್ವಲ್ಪ ಹೊಳವಾಗಿತ್ತು. ಟವರ್ ಗಾಜಿನ ಮೇಲೆ ಇನ್ನೂ ನೀರು ಇಳಿಯುತ್ತಿತ್ತು. ರನ್‌ವೇ ಮೇಲೊಂದು ನಾಯಿ. ಓಡಿಸಲು ಜೀಪು ಕಳಿಸಿದ್ದೆವು. ಜೀಪಿನ ಡ್ರೈವರ್ ಹೊನ್ನಾವರ ಕಡೆಯವ, ಅವನ ಕೈಯಲ್ಲಿ ವಾಕಿಟಾಕಿ. ಅದರ ಚಾನೆಲ್ ಬೇರೆ, ಅಲ್ಲಿ ಆಡಿದ್ದು ಪೈಲಟ್‌ಗೆ ಕೇಳಿಸುವುದಿಲ್ಲ. ಗೆರೆಯ ಹತ್ತಿರ ಒಂದು ವಿಮಾನ ಬಹಳ ಹೊತ್ತಿನಿಂದ ಕಾಯುತ್ತಿತ್ತು. ಪಾಪ ಅಂತ ನಾನು ಹೇಳಿದೆ. ‘ಹೋಲ್ಡ್ ಪೊಸಿಶನ್, ವೆಹಿಕಲ್ ಆನ್ ರನ್‌ವೇ, ಎಕ್ಸ್‌ಪೆಕ್ಟ್ ಲೈನ್ ಅಪ್ ಇನ್ ಟೂ ಮಿನಿಟ್ಸ್.’ ಅಂದರೆ ಅಲ್ಲೇ ನಿಲ್ಲು, ರನ್‌ವೇ ಮೇಲೆ ಗಾಡಿ ಇದೆ, ಎರಡು ನಿಮಿಷದಲ್ಲಿ ಲೈನ್ ಅಪ್ ಸಿಗಬಹುದು. ಅಷ್ಟರಲ್ಲಿ ಫೋನ್ ರಿಂಗಾಯಿತು. ಎತ್ತುತ್ತಲೇ ಪೈಲಟ್ ತಿರುಗಿ ಹೇಳಿದ್ದನ್ನು ಕೇಳಿಸಿಕೊಂಡೆ, ಸರಿ ಅಂತ ತಲೆಯಾಡಿಸಿದೆ. ಯಾರಿಗೆ ತಲೆಯಾಡಿಸಿದೆನೋ!

ಒಂದರ್ಧ ನಿಮಿಷಕ್ಕೆ ವಾಕಿಟಾಕಿಯಲ್ಲಿ ಡ್ರೈವರ್ ಕೂಗಿದ. ‘ಸಾಹೇಬ್ರೆ, ಅದು ಬರ್ತಾ ಉಂಟಲ್ಲ!’ ನಾಯಿ ಅಂದುಕೊಂಡೆ. ತಲೆ ಎತ್ತಿದರೆ ವಿಮಾನ. ಗೆರೆ ದಾಟಿ ರನ್‌ವೇಗೆ ತಿರುಗುತ್ತಿತ್ತು. ನಿಲ್ಲಿಸಿದೆ, ನಿಂತಿತು. ಜೀಪು ದೂರದಲ್ಲಿತ್ತು. ನಾಯಿ ಇಬ್ಬರನ್ನೂ ನೋಡಿ ಆರಾಮವಾಗಿ ಹುಲ್ಲಿಗೆ ಇಳಿಯಿತು.

ಸಂಜೆ ಟೇಪ್ ಕೇಳಿದೆವು. ಪೈಲಟ್ ‘ಎಕ್ಸ್‌ಪೆಕ್ಟ್ ಲೈನ್ ಅಪ್’ ಅಂದಿದ್ದ ಅಂತ ನಾನು ದೇವರ ಮೇಲೆ ಆಣೆ ಮಾಡಲು ತಯಾರಿದ್ದೆ. ಟೇಪಿನಲ್ಲಿ ಇದ್ದದ್ದು ‘ಲೈನ್ ಅಪ್, ಟೂ ಮಿನಿಟ್ಸ್’ ಅಷ್ಟೇ. ಎಕ್ಸ್‌ಪೆಕ್ಟ್ ಅನ್ನುವ ಶಬ್ದ ನನ್ನ ತಲೆಯೇ ಸೇರಿಸಿಕೊಂಡದ್ದು. ಅವನಿಗೆ ಬೇಕಾದದ್ದು ಅವನಿಗೆ ಕೇಳಿಸಿತು, ನನಗೆ ಬೇಕಾದದ್ದು ನನಗೆ. ಇಬ್ಬರ ಇಂಗ್ಲಿಷೂ ಚೆನ್ನಾಗಿಯೇ ಇತ್ತು. ನನ್ನ ಮೊದಲ ತಪ್ಪು ಪಾಪ ಅಂದಿದ್ದು. ನಿಲ್ಲು ಅಂತ ಹೇಳುವ ಮಾತಿನಲ್ಲಿ ‘ಲೈನ್ ಅಪ್’ ಅನ್ನುವ ಶಬ್ದ ಸೇರಿಸಲೇಬಾರದಿತ್ತು. ಅದಾದ ಮೇಲೆ ನಾನು ಹಾಗೆ ಸಮಾಧಾನ ಹೇಳುವುದನ್ನೇ ಬಿಟ್ಟೆ. ಗಂಟುಮೋರೆಯವ ಅಂತ ಹೆಸರು ಬಂತು, ಬರಲಿ.

ಜಾಗದ ಗೊಂದಲ ಇನ್ನೊಂದು ಥರದ್ದು. ಮಂಜಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ‘ಎಲ್ಲಿದ್ದೀರಿ?’ ಅಂತ ಫೋನ್ ಬಂದರೆ ಏನು ಹೇಳುತ್ತೀರಿ? ಒಂದು ತಿರುವಿನಲ್ಲಿ. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ಊರಿನ ಲಿನಾಟೆ ನಿಲ್ದಾಣದಲ್ಲಿ ಹೀಗೇ ಆಯಿತು. ಮಂಜಿನಲ್ಲಿ ಒಂದು ಸಣ್ಣ ಜೆಟ್ ಆರ್5 ದಾರಿ ಹಿಡಿಯುವ ಬದಲು ಆರ್6 ಹಿಡಿಯಿತು. ಪೈಲಟ್ ನೆಲದ ಮೇಲಿನ ಗುರುತು ನೋಡಿ ‘ಎಸ್4 ಹತ್ತಿರ ಇದ್ದೇನೆ’ ಅಂತ ಸರಿಯಾಗಿಯೇ ಹೇಳಿದ. ಆ ಗುರುತು ಎಲ್ಲಿದೆ ಅಂತ ಟವರ್‌ನವರಿಗೆ ಗೊತ್ತಿರಲಿಲ್ಲ. ನೆಲದ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಅದು ರನ್‌ವೇಗೆ ಹೋಗಿ, ಏರುತ್ತಿದ್ದ ದೊಡ್ಡ ವಿಮಾನಕ್ಕೆ ಅಡ್ಡ ಬಂತು. 118 ಜನ ಹೋದರು.

ಇಂಗ್ಲಿಷಿನ ಪ್ರಶ್ನೆ ಪೂರ್ತಿ ಬಿಡುವುದಕ್ಕಾಗುವುದಿಲ್ಲ. ಅಂತರರಾಷ್ಟ್ರೀಯ ಹಾರಾಟಕ್ಕೆ ಪೈಲಟ್, ಟವರ್‌ನಲ್ಲಿ ಕೂರುವ ಕಂಟ್ರೋಲರ್ ಇಬ್ಬರಿಗೂ ಇಂಗ್ಲಿಷ್ ಪರೀಕ್ಷೆ ಇದೆ. ಆರು ಮಟ್ಟ, ನಾಲ್ಕನೆಯದು ಸಾಕು. ಆ ನಾಲ್ಕನೇ ಮಟ್ಟದ ವಿವರಣೆಯಲ್ಲೇ ಒಂದು ಸಾಲು ಇದೆ. ಗೊಂದಲ ಕಂಡಾಗ ಕೇಳಿ, ಖಚಿತಪಡಿಸಿಕೊಂಡು, ಸ್ಪಷ್ಟಮಾಡಿಕೊಳ್ಳಲು ಬರಬೇಕು ಅಂತ. ತಿರುಗಿ ಕೇಳುವುದು ಇಂಗ್ಲಿಷ್ ಬಾರದವರ ಲಕ್ಷಣ ಅಂತ ನಮ್ಮ ಮಕ್ಕಳು ಅಂದುಕೊಂಡಿದ್ದಾರೆ. ಪರೀಕ್ಷೆಯವರು ಅದಕ್ಕೇ ಮಾರ್ಕು ಕೊಡುತ್ತಾರೆ!

ನಿಜ ಹೇಳಬೇಕೆಂದರೆ ರೇಡಿಯೋದಲ್ಲಿ ನನಗೆ ಜಾಸ್ತಿ ತಲೆನೋವು ಕೊಟ್ಟವರು ಇಂಗ್ಲಿಷ್ ಮನೆಮಾತಿನವರೇ. ವೇಗ ಜಾಸ್ತಿ, ಊರಿನ ಮಾತು ಜಾಸ್ತಿ. ಕನ್ನಡ ಶಾಲೆಯಿಂದ ಬಂದ ಹುಡುಗ ಹುಡುಗಿಯರು ಪುಸ್ತಕದ ಶಬ್ದವನ್ನೇ ನಿಧಾನ ಹೇಳುತ್ತಾರೆ. ಕೊನೆಗೆ ಒಂದು ‘ಉ’ ಸೇರಿಸಿ ‘ಹೋಲ್ಡು ಶಾರ್ಟು’ ಅಂದರೂ ನನಗೆ ಸಂತೋಷವೇ. ಕೊನೆಯ ಅಕ್ಷರ ನುಂಗುವುದಕ್ಕಿಂತ ಅದು ಎಷ್ಟೋ ವಾಸಿ. ಈ ಭಾಷೆಯನ್ನು ಕಟ್ಟಿರುವುದೇ ಹಾಗೆ. ‘ನೆಗೆಟಿವ್’ ಜೊತೆ ಬಾಲ ಒಂದೇ ಥರ ಕೇಳಿಸುತ್ತದೆ ಅಂತ ‘ಅಫರ್ಮೇಟಿವ್’ ಬಿಟ್ಟು ‘ಅಫರ್ಮ್’ ಅನ್ನುತ್ತೇವೆ. ಒಂಬತ್ತಕ್ಕೆ ‘ನೈನರ್’ ಅನ್ನುತ್ತೇವೆ.

ಈಗ ನಿಮ್ಮ ಮಗಳ ಪಾಲಿನ ಅರ್ಧ.

ಸೆಸ್ನಾದ ರೆಕ್ಕೆ ತಲೆಯ ಮೇಲಿರುತ್ತದೆ. ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಆದರೆ ಇಳಿಯಲು ಬರುವ ವಿಮಾನ ಇರುವ ಆಕಾಶದ ತುಂಡನ್ನೇ ಆ ರೆಕ್ಕೆ ಮುಚ್ಚಿಬಿಡಬಹುದು. ಗೆರೆಯ ಈಚೆ ನಿಲ್ಲುವಾಗ ಜಾಗ ಇದ್ದರೆ ವಿಮಾನವನ್ನು ಸ್ವಲ್ಪ ಓರೆಯಾಗಿ, ಫೈನಲ್ ಕಡೆಗೆ ಮೂತಿ ಮಾಡಿ ನಿಲ್ಲಿಸಬೇಕು. ಗೆರೆ ದಾಟುವ ಮುಂಚೆ, ಯಾರು ಏನೇ ಅನುಮತಿ ಕೊಟ್ಟಿರಲಿ, ಒಮ್ಮೆ ಬಗ್ಗಿ ಫೈನಲ್ ನೋಡಬೇಕು. ಅಲ್ಲಿ ದೀಪ ಕಂಡರೆ ನಿಂತು ಕೇಳಬೇಕು. ಅವಳು ಬಗ್ಗಿ ನೋಡಿದ್ದರೆ ಎರಡನೇ ಸೆಸ್ನಾ ಕಾಣುತ್ತಿತ್ತು. ಅದೊಂದು ಮಾಡಲಿಲ್ಲ, ಅಷ್ಟೇ.

ಎರಡನೆಯದು, ಚಿತ್ರವನ್ನು ಬಾಯಿಬಿಟ್ಟು ಹೇಳುವುದು. ತರಬೇತಿ ಶಾಲೆಯ ವಿಮಾನಗಳೆಲ್ಲ ಒಂದೇ ಕಂಪನಿ, ಒಂದೇ ಬಣ್ಣ. ಅಲ್ಲಿ ‘ಸೆಸ್ನಾ’ ಅನ್ನುವುದು ಶಿರಸಿ ಪೇಟೆಯಲ್ಲಿ ನಿಂತು ‘ಹೆಗಡೇರೇ’ ಅಂತ ಕೂಗಿದ ಹಾಗೆ. ಎಷ್ಟು ಜನ ತಿರುಗುತ್ತಾರೋ! ‘ಕನ್ಫರ್ಮ್ ಸೆಸ್ನಾ ಆನ್ ಫೈನಲ್?’ ಅಂತ ನಾಲ್ಕು ಶಬ್ದ. ಮೂರು ಸೆಕೆಂಡು ಕೂಡ ಆಗುವುದಿಲ್ಲ. ಟವರ್‌ನವರು ಗುರ್ ಅಂದರೆ ಅನ್ನಲಿ. ನಾನೂ ಅಂದಿದ್ದೇನೆ. ಆಮೇಲೆ ಕ್ಯಾಂಟೀನಿನಲ್ಲಿ ಅಂಥ ಹುಡುಗರನ್ನೇ ಹೊಗಳಿದ್ದೇನೆ.

ಇನ್ನು ಸಣ್ಣಪುಟ್ಟದ್ದು. ಮೊಣಕಾಲ ಮೇಲಿನ ಪ್ಯಾಡಿನಲ್ಲಿ ಟ್ಯಾಕ್ಸಿ ಅನುಮತಿ ಬರೆದುಕೊಳ್ಳಲಿ. ಉರುಳುವಾಗ ಚೆಕ್‌ಲಿಸ್ಟ್ ಓದುವುದು ಬೇಡ, ನಿಂತ ಮೇಲೆ ಓದಲಿ. ರೇಡಿಯೋದಲ್ಲಿ ತನ್ನ ಹೆಸರು ಬರದಿದ್ದಾಗಲೂ ಬೇರೆಯವರ ಮಾತು ಕೇಳುತ್ತಿರಲಿ. ‘ಎರಡನೇ ವಿಮಾನ ಫೈನಲ್’ ಅಂತ ಆ ದಿನವೂ ಯಾರೋ ಹೇಳಿಯೇ ಇರುತ್ತಾರೆ.

ಅಲಗೇರಿ ವಿಷಯ. ಒಂದೇ ರನ್‌ವೇಯಲ್ಲಿ ನೌಕಾಪಡೆ, ನಾಗರಿಕ ವಿಮಾನ ಎರಡೂ ಓಡುವುದು ನಮಗೆ ಹೊಸದೇನಲ್ಲ. ನಾವು ಕಾರವಾರದವರು ವಿಮಾನ ಹತ್ತಲು ಹೋಗುವ ಗೋವಾದ ದಾಬೋಳಿಮ್ ಹಾಗೆಯೇ ಇದೆ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ, ಟವರ್‌ನಲ್ಲಿ ಕೂರುವವರೂ ನೌಕಾಪಡೆಯವರೇ. ತೊಂದರೆ ಬರಬಹುದಾದ ಜಾಗ ಒಂದೇ. ಮಿಲಿಟರಿ ವಿಮಾನಗಳು ಕೆಲವೊಮ್ಮೆ ಬೇರೆ ಬ್ಯಾಂಡಿನ ರೇಡಿಯೋದಲ್ಲಿ ಮಾತಾಡುತ್ತವೆ. ಆಗ ನಾಗರಿಕ ಪೈಲಟ್‌ಗೆ ಅರ್ಧ ಸಂಭಾಷಣೆ ಕೇಳಿಸುವುದಿಲ್ಲ, ನನ್ನ ಜೀಪಿನವನ ಮಾತು ಆ ಪೈಲಟ್‌ಗೆ ಕೇಳಿಸದ ಹಾಗೆ. ಅದನ್ನು ತುಂಬಿಕೊಡುವ ಜವಾಬ್ದಾರಿ ಟವರ್‌ನ ಮೇಲೆ ಬೀಳುತ್ತದೆ. ಒಂದೇ ರನ್‌ವೇ, ಟ್ಯಾಕ್ಸಿ ದಾರಿ ಸರಳವಾಗಿದ್ದರೆ ಗೊಂದಲಕ್ಕೆ ಜಾಗ ಕಡಿಮೆ. ಈಗಲೇ ಹೆದರುವುದು ಬೇಡ. ಮಗಳು ರಜೆಗೆ ಬಂದಾಗ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಬನ್ನಿ. ಅಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನೌಕಾಪಡೆಯ ಹಳೇ ಟುಪೊಲೆವ್ ವಿಮಾನ ನಿಲ್ಲಿಸಿದ್ದಾರೆ. ಅಂಥ ರೆಕ್ಕೆಯ ವಿಮಾನ ಟ್ಯಾಕ್ಸಿ ಮಾಡುವಾಗ ಎದುರು ಸಣ್ಣ ಸೆಸ್ನಾ ಇದ್ದರೆ ಹೇಗಿರಬಹುದು ಅಂತ ಅವಳೇ ನೋಡಲಿ. ನಾನೂ ಬರುತ್ತೇನೆ.

ಕೊನೆಗೆ ತುರ್ತಿನ ಮಾತು. ಟವರ್‌ನ ಮಾತುಕತೆ ಎಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಕಡಿಮೆ ಅಂದರೆ 30 ದಿನ ಇಟ್ಟುಕೊಳ್ಳಬೇಕು ಅಂತ ನಿಯಮ. ಆಮೇಲೆ ಅಳಿಸಿಹೋಗಬಹುದು. ತನ್ನ ಇನ್‌ಸ್ಟ್ರಕ್ಟರ್ ಮೂಲಕ ಆ ಟೇಪ್ ಕೇಳಿಸಿಕೊಳ್ಳಲು ಅವಳು ಬರೆದು ಕೊಡಲಿ. ಜಗಳಕ್ಕಲ್ಲ. ತನ್ನ ಇಂಗ್ಲಿಷ್ ಹೇಗಿತ್ತು ಅಂತ ತನ್ನ ಕಿವಿಯಿಂದಲೇ ಕೇಳಲಿ, ಅಳು ನಿಲ್ಲುತ್ತದೆ. ನೀವು ಪತ್ರದಲ್ಲಿ ‘ಕಳೆದ ತಿಂಗಳು’ ಅಂತಷ್ಟೇ ಬರೆದಿದ್ದೀರಿ. ಕಳೆದ ತಿಂಗಳ ಒಂದನೇ ತಾರೀಕೋ, ಮೂವತ್ತನೇ ತಾರೀಕೋ? ಇವತ್ತೇ ಫೋನ್ ಮಾಡಿ ಕೇಳಿ.